ಮನೆಗೊಂದು ಪಾಠ

ನಾಲ್ಕು ಜನ ಕನ್ನಡಿಗರು ಸೇರಿ ಶ್ರದ್ಧೆಯಿಂದ ಕಾನೂನು ಪಾಲಿಸಲು ಹೊರಟರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ತೊಂಬತ್ತರ ದಶಕದಲ್ಲಿ ಲಂಡನ್ನಿನ ಕ್ವೀನ್ಸ್‌ಬರಿಯ ಶಾಲೆಯೊಂದರಲ್ಲಿ ಭಾನುವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕೋಣೆ ಪುಕ್ಕಟೆ. ಪಠ್ಯಪುಸ್ತಕ ಮಾತ್ರ ಒಂದೇ, ಯಾರ ಮೂಲಕವೋ ಊರಿನಿಂದ ಬಂದದ್ದು. ಹೆಡ್‌ಮಿಸ್ಟ್ರೆಸ್ ಮೊದಲೇ ಎಚ್ಚರಿಸಿದ್ದರು: "ಒಬ್ಬೊಬ್ಬರು ಒಂದೊಂದು ಪಾಠ ಕಾಪಿ ಮಾಡಿಕೊಳ್ಳಿ, ಸಾಕು. ಇಡೀ ಪುಸ್ತಕ ಮಾಡಿದರೆ ಕಾಪಿರೈಟ್ ಉಲ್ಲಂಘನೆ. ಆಮೇಲೆ ಕೋಣೆ ಸಿಗುವುದಿಲ್ಲ." ಕೋಣೆ ಹೋದರೆ ತರಗತಿಯೂ ಹೋದಂತೆಯೇ. ನನಗೆ ನಿಜಕ್ಕೂ ಭಯವಾಯಿತು.

ಡಾಕ್ಟರ ಉಪಾಯ

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಧಾರವಾಡದ ಡಾಕ್ಟರು. ಅವರು ನಕ್ಕುಬಿಟ್ಟರು. "ಇಷ್ಟಕ್ಕ ಯಾಕ ಹೆದರ್ತೀರಿ? ಪುಸ್ತಕ ಮನಿಯಿಂದ ಮನಿಗೆ ಹೋಗ್ಲಿ. ಮನಿಗೊಂದು ಪಾಠ ಜೆರಾಕ್ಸ್ ಮಾಡಿಸ್ಕೊಂಡು ಬರ್ಲಿ. ಕಾಯ್ದೆನೂ ಉಳೀತದ, ಕ್ಲಾಸೂ ನಡೀತದ."

ಪುಸ್ತಕ ಎಲ್ಲರ ಮನೆ ಸುತ್ತಿ ಬಂತು. ನಮ್ಮ ಯುಗಾದಿ ಊಟಕ್ಕೆ ಯಾರು ಏನು ತರಬೇಕೆಂದು ಹೇಳದಿದ್ದರೆ ಎಲ್ಲರೂ ಚಿತ್ರಾನ್ನವನ್ನೇ ತರುತ್ತಾರೆ. ಇಲ್ಲಿ ಎಲ್ಲರೂ ಒಂದನೇ ಪಾಠವನ್ನೇ ತಂದಿದ್ದರು.

"ಡಾಕ್ಟ್ರೇ, ಎರಡನೇ ಪಾಠ?"

"ಬ್ಯಾರೆಯವರು ತರ್ತಾರಂತ ಬಿಟ್ಟೆ ನೋಡ್ರಿ!"

ಅಜ್ಜಿಯ ತಿದ್ದುಪಡಿ

ಮೊಮ್ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮುಂದೆ ಬಂದರು. "ಮೆಷಿನ್ ಸಹವಾಸವೇ ಬೇಡ. ಕೈಯಲ್ಲೇ ಬರ್ಕೊಡ್ತೀನಿ."

ಎರಡನೇ ಪಾಠ, ಮಗುವೊಂದು ಮಳೆಯಲ್ಲಿ ಕುಣಿಯುವ ಕಥೆ. ಅಜ್ಜಿ ಬರೆದು ತಂದ ಪಾಠದಲ್ಲಿ ಮಗು ಸ್ವೆಟರ್ ಹಾಕಿಕೊಂಡಿತು, ಟೋಪಿ ಹಾಕಿಕೊಂಡಿತು, ಕಷಾಯ ಕುಡಿಯಿತು. ಅಷ್ಟರಲ್ಲಿ ಪಾಠವೇ ಮುಗಿದಿತ್ತು. ಮಗು ಬಾಗಿಲು ದಾಟಿರಲಿಲ್ಲ.

"ಅಜ್ಜಿ, ಪುಸ್ತಕದಲ್ಲಿ ಹೀಗಿಲ್ವಲ್ಲ?"

"ಬರೆದೋರಿಗೇನಮ್ಮ, ಮಳೇಲಿ ಕುಣಿ ಅಂತ ಬರೆದುಬಿಡ್ತಾರೆ. ನೆಗಡಿಯಾದ್ರೆ ಅವರು ಬಂದು ನೋಡ್ಕೋತಾರಾ?"

ಒಪ್ಪಿಗೆ

ಕೈಬರಹದ ಸುದ್ದಿ ಹೆಡ್‌ಮಿಸ್ಟ್ರೆಸ್ಸರ ಕಿವಿಗೂ ಬಿತ್ತು. "ಕೈಯಲ್ಲಿ ಬರೆದರೂ ಕಾಪಿ ಕಾಪಿಯೇ. ಲೇಖಕರ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ಇದೇ ಕೊನೆಯ ಭಾನುವಾರ" ಎಂದರು.

ಪುಸ್ತಕ ಬರೆದು, ತಾವೇ ಅಚ್ಚು ಹಾಕಿಸಿದವರು ಮೈಸೂರಿನ ನಿವೃತ್ತ ಮೇಷ್ಟ್ರು. ಬೆನ್ನುಪುಟದಲ್ಲಿದ್ದ ನಂಬರಿಗೆ ಹೆಡ್‌ಮಿಸ್ಟ್ರೆಸ್ಸರ ಎದುರೇ ಫೋನ್ ಮಾಡಿದೆ.

"ಸಾರ್, ಲಂಡನ್ನಿಂದ ಮಾತಾಡ್ತಿದೀನಿ. ನಮ್ಮ ಮಕ್ಕಳಿಗೆ ನಿಮ್ಮ ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಸ್ಬೇಕಿತ್ತು. ತಾವು ಒಪ್ಪಿದ್ರೆ..."

ಅವರು ನನ್ನ ಮಾತು ಮುಗಿಸಲೂ ಬಿಡಲಿಲ್ಲ. ನಮ್ಮ ತರಗತಿಯ ಕಥೆ ಮುಗಿಯಿತು ಅಂದುಕೊಂಡೆ.

"ಲಂಡನ್ನಲ್ಲಿ ನನ್ನ ಪುಸ್ತಕ ಇದ್ಯಾ?"

"ಒಂದೇ ಒಂದಿದೆ ಸಾರ್."

"ಮೂರನೇ ಪಾಠದ ಮೇಲೆ ಕಾಫಿ ಕಲೆ ಇದ್ಯಾ ನೋಡಮ್ಮ."

ತೆರೆದು ನೋಡಿದೆ. "ಇದೆ ಸಾರ್! ನಿಮಗೆ ಹೇಗೆ ಗೊತ್ತಾಯ್ತು?"

"ಅದು ನಂದೇ ಕಣಮ್ಮ, ನನ್ನ ಹತ್ರ ಉಳಿದಿದ್ದ ಕೊನೇ ಪ್ರತಿ! ಓದಿ ಕೊಡ್ತೀನಿ ಅಂತ ಯಾರೋ ತಗೊಂಡು ಹೋದೋರು ಈ ಕಡೆ ತಲೆ ಹಾಕಿಲ್ಲ. ಎಷ್ಟು ಬೇಕೋ ಅಷ್ಟು ಜೆರಾಕ್ಸ್ ಮಾಡಿಸ್ಕೋ, ಪೂರ್ತಿ ಒಪ್ಪಿಗೆ ಇದೆ. ನನ್ನ ಪುಸ್ತಕ ಮಾತ್ರ ನನಗೆ ಕಳಿಸಿಬಿಡು!"