ಬೆಂಚಿನ ಮೇಲೆ ಬಿಟ್ಟು ಹೋದ ಕೊಡೆ

ಗಂಡ: ನಾನು ನಿದ್ದೆ ಮಾಡಲಿಲ್ಲ ಅಂದ್ರೆ ಮಾಡಲಿಲ್ಲ!

ಹೆಂಡತಿ: ಹಾಗಾದ್ರೆ ಗೊರಕೆ ಹೊಡೆದಿದ್ದು ಯಾರು, ಸೋಫಾನಾ?

ಗಂಡ: ಅದು ಹಿನ್ನೆಲೆ ಸಂಗೀತ ಕಣೇ. ಕಣ್ಣು ಮುಚ್ಚಿ ಕೇಳ್ತಿದ್ದೆ. ಒಳ್ಳೇ ಸಿನಿಮಾನ ಬರೀ ಕಣ್ಣಲ್ಲಿ ನೋಡಬಾರದು.

ಹೆಂಡತಿ: ಹೌದೌದು, ಬಾಯಲ್ಲೂ ನೋಡಬೇಕು. ಅದಕ್ಕೇ ಅಷ್ಟಗಲ ತೆರೆದಿದ್ರಿ.

(ಈ ಗಂಡ ಮಹಾಶಯರದು ಕನ್ನಡಕದಂಗಡಿ. ಊರವರ ಕಣ್ಣು ತೆರೆಸುವುದು ಇವರ ಕಸುಬು. ವಾರದ ರಜೆ ಬಂತೆಂದರೆ ಕಿಟಕಿಗೆ ಪರದೆ ಎಳೆದು, ಕಾಲಿಗೊಂದು ಸ್ಟೂಲು, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಬೆಳಗಿನಿಂದ ಸಂಜೆತನಕ ಸಿನಿಮಾ ನೋಡುತ್ತಾರೆ. ನೋಡುತ್ತೇನೆ ಎಂದು ಅವರೇ ಹೇಳುತ್ತಾರೆ, ನಾವು ನಂಬಬೇಕು. ಹೆಂಡತಿ ಅದೇ ಕೋಣೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾ ಆಸ್ಪತ್ರೆಯೊಂದರ ಪರದೆಗಳಿಗೆ ಅಂಚು ಹೊಲಿಯುತ್ತಿರುತ್ತಾರೆ. ಇವತ್ತಿನ ಮೂರನೇ ಸಿನಿಮಾ ಈಗಷ್ಟೇ ಮುಗಿದಿದೆ. ಇನ್ನೇನು ಗೆಳೆಯ ಮೇಷ್ಟ್ರು ಬರುತ್ತಾರೆ. ಮೇಷ್ಟ್ರು ಅವರ ಮನೆಯಲ್ಲಿ, ಇವರು ಇವರ ಮನೆಯಲ್ಲಿ ಒಂದೇ ಸಿನಿಮಾ ನೋಡಿ ಸಂಜೆ ಕೂತು ವಾದ ಮಾಡುವುದು ವಾಡಿಕೆ. ಹೋದ ವಾರ ಇವರು ವಾದದಲ್ಲಿ ಸೋತ ಮೇಲೆ ಅಂಗಡಿಯಲ್ಲಿ, ಗಿರಾಕಿಗಳ ಎದುರೇ, "ಯಾಕೋ ನಿಮಗೇ ಕನ್ನಡಕ ಬೇಕು ಅಂತ ಕಾಣುತ್ತೆ" ಎಂದುಬಿಟ್ಟಿದ್ದರು ಮೇಷ್ಟ್ರು. ಇವತ್ತೂ ಸೋತರೆ ನಾಳೆ ಅಂಗಡಿ ಬಾಗಿಲು ತೆಗೆಯಲು ಮುಖವಿಲ್ಲ.)

ಗಂಡ: ಅದಿರಲಿ. ಕೊನೇಲಿ ಏನಾಯ್ತು?

ಹೆಂಡತಿ: ನೀವೇ ನೋಡಿದ್ರಲ್ಲ.

ಗಂಡ: ನೋಡಿದೆ. ನಿನಗೆ ಅರ್ಥ ಆಯ್ತಾ ಅಂತ ಪರೀಕ್ಷೆ ಮಾಡ್ತಿದೀನಿ.

ಹೆಂಡತಿ: "ನಿದ್ದೆ ಹೋಗಿದ್ದೆ" ಅಂತ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿ. ಕಥೆ ಪೂರ್ತಿ ಹೇಳ್ತೀನಿ. ಪ್ರತಿ ವಾರ ನಾನು ಹೇಳಿದ್ದನ್ನೇ ಮೇಷ್ಟ್ರ ಮುಂದೆ ಊದ್ತೀರಿ. ಆಮೇಲೆ, "ಅವಳಿಗೇನು ಗೊತ್ತು, ಪಾಪ, ಅವಳು ಹೊಲೀತಿರ್ತಾಳೆ" ಅಂತೀರಿ. ಹೊಟ್ಟೆ ಉರಿಯಲ್ವಾ ನನಗೆ?

ಗಂಡ: ನಿದ್ದೆ ಹೋಗಿದ್ರೆ ತಾನೇ ಹೇಳೋದು!

ಹೆಂಡತಿ: ಸರಿ ಬಿಡಿ. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ.

(ಗೇಟು ಕಿರ್ರೆಂದಿತು. ಗಂಡ ಸೋಫಾದಿಂದ ಧಡಕ್ಕನೆ ಎದ್ದರು.)

ಗಂಡ: ಬಂದೇಬಿಟ್ರು! ಮನೆ ಬಿಟ್ಟು ಹೋದ ಆ ತಮ್ಮ ಕೊನೆಗೆ ವಾಪಸ್ ಬರ್ತಾನಾ ಇಲ್ವಾ? ಅಷ್ಟು ಹೇಳೇ ಸಾಕು!

(ಮೆಷಿನ್ ನಿಂತಿತು. ಹೆಂಡತಿ ಚಾವಣಿ ನೋಡುತ್ತಾ ಸ್ವಲ್ಪ ಯೋಚಿಸಿದರು.)

ಹೆಂಡತಿ: ಬರಲ್ಲ ರೀ. ಅಣ್ಣ ಮಳೇಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಕಾಯ್ತಾನೆ. ರೈಲು ಬರುತ್ತೆ, ತಮ್ಮ ಇಳಿಯಲ್ಲ. ಅಣ್ಣ ತನ್ನ ಕೊಡೇನ ಬೆಂಚಿನ ಮೇಲೇ ಬಿಟ್ಟು ನೆನೀತಾ ಹೊರಟುಹೋಗ್ತಾನೆ.

ಗಂಡ: ಅದೇ! ನಾನೂ ಅದನ್ನೇ ನೋಡಿದ್ದು!

(ಹೆಂಡತಿ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದರು. ಆ ಸಿನಿಮಾದಲ್ಲಿ ರೈಲೂ ಇರಲಿಲ್ಲ, ಮಳೆಯೂ ಇರಲಿಲ್ಲ.)

ಮೇಷ್ಟ್ರು: ಏನ್ರೀ ಕನ್ನಡಕ, ಸಿನಿಮಾ ನೋಡಿದ್ರಾ, ಹಾಸಿಗೆ ನೋಡಿದ್ರಾ?

ಗಂಡ: ಬನ್ನಿ ಬನ್ನಿ. ಕೊನೇ ದೃಶ್ಯದಿಂದಲೇ ಶುರು ಮಾಡೋಣ. ಮಳೆ, ಸ್ಟೇಷನ್ನು, ಬರದೇ ಹೋದ ತಮ್ಮ, ಬೆಂಚಿನ ಮೇಲೆ ಬಿಟ್ಟು ಹೋದ ಆ ಕೊಡೆ! ಏನಂತೀರಿ?

(ಮೇಷ್ಟ್ರು ಹೊಟ್ಟೆ ಹಿಡಿದು ನಗುತ್ತಾರೆಂದು ಹೆಂಡತಿ ಕಾದರು. ಮೇಷ್ಟ್ರು ಕಣ್ಣು ಪಿಳುಕಿಸಿದರು. ಗಂಟಲು ಸರಿಮಾಡಿಕೊಂಡರು.)

ಮೇಷ್ಟ್ರು: ಅಯ್ಯೋ, ಆ ಕೊಡೆ! ಅತ್ತುಬಿಟ್ಟೆ ರೀ ನಾನು.

(ಹೆಂಡತಿಯ ಬೆರಳಿಗೆ ಸೂಜಿ ಚುಚ್ಚಿತು.)

ಮೇಷ್ಟ್ರು: ಅದು ಬರೀ ಕೊಡೆ ಅಲ್ಲ, ಅಣ್ಣನ ಒಂಟಿತನ.

ಗಂಡ: ನನ್ನ ಬಾಯಲ್ಲಿರೋ ಮಾತು ಕಸಿದುಕೊಂಡ್ರಿ!

ಹೆಂಡತಿ: ಮೇಷ್ಟ್ರೇ, ಕೊಡೆ ಯಾವ ಬಣ್ಣದ್ದು? ನಾನು ಪಾಪ ಹೊಲೀತಿದ್ದೆ, ನೋಡಲಿಲ್ಲ.

ಮೇಷ್ಟ್ರು: ಕಪ್ಪು.

ಗಂಡ: ಕೆಂಪು.

(ಎರಡು ಉತ್ತರಗಳೂ ಒಟ್ಟಿಗೇ ಬಿದ್ದವು.)

ಮೇಷ್ಟ್ರು: ಕೆಂಪಾ? ಅಷ್ಟು ದೊಡ್ಡ ಗಂಡಸಿನ ಕೈಯಲ್ಲಿ ಕೆಂಪು ಕೊಡೆನಾ?

ಗಂಡ: ಅವನ ತಾಯೀದು ರೀ ಅದು! ತೀರಿಹೋದ ತಾಯಿ ಕೊಡೆ! ಅಷ್ಟೂ ಗೊತ್ತಾಗಲಿಲ್ವಾ?

ಮೇಷ್ಟ್ರು: ತಾಯಿ ಕೊಡೆ ಅನ್ನೋದು ಒಪ್ತೀನಿ, ಒಂದು ಕಡ್ಡಿ ಕೂಡ ಮುರಿದಿತ್ತು. ಆದ್ರೆ ಬಣ್ಣ ಕಪ್ಪು!

ಗಂಡ: ದಿನಾ ಜನರ ಕಣ್ಣು ಪರೀಕ್ಷೆ ಮಾಡೋ ನನಗೇ ಬಣ್ಣ ಹೇಳಿಕೊಡ್ತೀರಾ?

ಮೇಷ್ಟ್ರು: ನಿಮ್ಮ ಹತ್ರ ಕನ್ನಡಕ ಮಾಡಿಸಿದೋರ ಗತಿ ದೇವರೇ ನೋಡಬೇಕು!

ಹೆಂಡತಿ: ಅಯ್ಯೋ, ಜಗಳ ಯಾಕೆ? ಸಿನಿಮಾ ಟಿವಿಯಲ್ಲೇ ಇದೆ. ಕೊನೇ ಹತ್ತು ನಿಮಿಷ ಹಾಕ್ತೀನಿ ಇರಿ.

ಇಬ್ಬರೂ: ಬೇಡ!

ಮೇಷ್ಟ್ರು: ಒಳ್ಳೇ ಸಿನಿಮಾನ ಒಂದೇ ದಿನ ಎರಡು ಸಲ ನೋಡಬಾರದು ತಾಯಿ. ಅದಕ್ಕೆ ಅವಮಾನ.

ಗಂಡ: ನಮ್ಮಿಬ್ಬರಿಗೂ ಒಮ್ಮತ ಇರೋದು ಇದೊಂದೇ ವಿಷಯದಲ್ಲಿ.

(ಹೆಂಡತಿ ನೀರು ತರಲು ಒಳಗೆ ಹೋದರು. ಗಂಡ ಹಿಂದೆಯೇ ಓಡಿದರು. ಅಡುಗೆಮನೆಯಲ್ಲಿ ಪಿಸುಮಾತು.)

ಗಂಡ: ಸೋತೆ ಕಣೇ. ನಿದ್ದೆ ಹೋಗಿದ್ದೆ.

ಹೆಂಡತಿ: ಕೇಳಿಸಲಿಲ್ಲ.

ಗಂಡ: ಆ ತಮ್ಮ ಮನೆ ಬಿಟ್ಟು ಹೋಗ್ತಿದ್ದ ಹಾಗೇ ನಾನೂ ನಿದ್ದೆ ಹೋಗಿದ್ದೆ! ಪ್ರತಿ ವಾರ ಹೋಗ್ತೀನಿ! ನೀನಿಲ್ಲದಿದ್ರೆ ನನಗೆ ಒಂದು ಸಿನಿಮಾನೂ ಗೊತ್ತಿಲ್ಲ! ಸಾಕಾ? ಈಗ ಹೇಳು, ಕೆಂಪೋ ಕಪ್ಪೋ?

(ಹೆಂಡತಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಾದ ಮಾತು, ಪಾತ್ರೆ ತೊಳೆಯುವ ಜಾಗದಲ್ಲಿ ಸಿಕ್ಕಿತು.)

ಹೆಂಡತಿ: ಕೊಡೇನೇ ಇರಲಿಲ್ಲ ರೀ.

ಗಂಡ: ಆಂ?

ಹೆಂಡತಿ: ತಮ್ಮ ಮನೆಗೆ ಬರ್ತಾನೆ. ಅಣ್ಣ ಒಂದು ಮಾತೂ ಆಡದೆ ಊಟಕ್ಕೆ ಇನ್ನೊಂದು ತಟ್ಟೆ ಇಡ್ತಾನೆ. ಅಷ್ಟೇ ಕಥೆ. ಸ್ಟೇಷನ್ನು ಕೊಡೆ ಎಲ್ಲಾ ನನ್ನದು.

ಗಂಡ: ಮತ್ತೆ ಮೇಷ್ಟ್ರು ಅತ್ತಿದ್ದು?

ಹೆಂಡತಿ: ಹೋಗಿ ಕೇಳಿ.

ಗಂಡ: ಕೇಳಿದ್ರೆ ನಾನೂ ಸಿಕ್ಕಿಹಾಕಿಕೊಳ್ತೀನಲ್ಲೇ!

(ಅತ್ತ ದರಿ, ಇತ್ತ ಪುಲಿ. ಗಂಡ ನೀರಿನ ಲೋಟ ಹಿಡಿದು ಹೊರಗೆ ಬಂದರು. ಮೇಷ್ಟ್ರು ಟಿವಿಯ ಕಡೆ ನೋಡದೆ ಗೋಡೆ ನೋಡುತ್ತಾ ಕೂತಿದ್ದರು.)

ಗಂಡ: ಮೇಷ್ಟ್ರೇ, ಒಳಗೆ ಹೋಗಿ ಯೋಚನೆ ಮಾಡಿದೆ. ನೀವು ಹೇಳಿದ್ದೇ ಸರಿ. ಕಪ್ಪು.

ಮೇಷ್ಟ್ರು: ಅಬ್ಬಾ, ಒಪ್ಪಿಕೊಂಡ್ರಲ್ಲ! ಕಣ್ಣಿದ್ದರೆ ಸಾಲದು ಕನ್ನಡಕದವರೇ, ಎಚ್ಚರ ಇರಬೇಕು.

(ಗಂಡ ಹಲ್ಲು ಕಚ್ಚಿಕೊಂಡು ನಕ್ಕರು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಮೇಷ್ಟ್ರು ಚಪ್ಪಲಿ ಹಾಕಿಕೊಂಡವರು ಹೊಸ್ತಿಲಲ್ಲೇ ನಿಂತರು. ಅತ್ತಿತ್ತ ನೋಡಿ, ಬಾಗಿಲ ತನಕ ಬಂದಿದ್ದ ಹೆಂಡತಿಯ ಹತ್ತಿರ ದನಿ ತಗ್ಗಿಸಿದರು.)

ಮೇಷ್ಟ್ರು: ತಾಯಿ, ಆ ತಮ್ಮ ನಿಜವಾಗ್ಲೂ ಬರಲೇ ಇಲ್ವಾ?

ಹೆಂಡತಿ: ಇದೇನು ಮೇಷ್ಟ್ರೇ, ನೋಡಿ ಅತ್ತೋರು ನೀವು, ನನ್ನ ಕೇಳ್ತೀರಲ್ಲ?

ಮೇಷ್ಟ್ರು: ಏನು ಮಾಡ್ಲಿ ತಾಯಿ, ನಮ್ಮ ಮನೆಯವಳು ತವರಿಗೆ ಹೋಗಿದಾಳೆ. ಈ ವಾರ ಕಥೆ ಹೇಳೋರೇ ಇರಲಿಲ್ಲ.