ಹೂಡಿಯ ಮನೆಯಲ್ಲಿ ನನ್ನ ಗ್ಯಾಸ್ ಓವನ್

ಬೆಂಕಿ ನನಗೆ ಹೊಸದಲ್ಲ, ಬೆಂಕಿಗೆ ಗಾಜಿನ ಬಾಗಿಲು ಇರುವುದು ಹೊಸದು; ಅದಕ್ಕೇ ನಮ್ಮ ಅಡುಗೆಮನೆಯಲ್ಲಿ ವಾರಕ್ಕೊಂದು ರಂಪ ತಪ್ಪಿದ್ದಲ್ಲ. ವಿಜಯಪುರದ ಕಡೆಯಿಂದ ಬಂದು ಬೆಂಗಳೂರಿನ ಹೂಡಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ಫ್ಲ್ಯಾಟಿನಲ್ಲಿ ಹಿಂದೆ ಇದ್ದವರು ಗ್ಯಾಸ್ ಓವನ್ ಒಂದನ್ನು ಬಿಟ್ಟುಹೋಗಿದ್ದಾರೆ. ಮೇಲೆ ನಾಲ್ಕು ಒಲೆ, ಕೆಳಗೆ ಒಂದು ಗೂಡು. ಗೂಡಿನ ತಳದಲ್ಲೊಂದು ಉರಿ, ನೆತ್ತಿಯಲ್ಲೊಂದು ಉರಿ.

ಮಗಳದು ಒಂದೇ ಮಾತು: "ಅವ್ವಾ, ಈ ವಯಸ್ಸಿನ್ಯಾಗ ನಿನಗ ಇದು ಬ್ಯಾಡ. ಯಾರಿಗರೆ ಕೊಟ್ಟುಬಿಡೂಣು."

ನನ್ನದೂ ಒಂದೇ ಮಾತು: "ನಾ ಇರೂತನಕ ಇದು ಇರ್ತೈತಿ."

ಕಡಕ್ ರೊಟ್ಟಿ

ಮೊದಮೊದಲು ಮಗಳು ಆ ಗೂಡಿನಲ್ಲಿ ಪ್ಲಾಸ್ಟಿಕ್ ಡಬ್ಬಿ ತುಂಬಿಟ್ಟಿದ್ದಳು. ಅದನ್ನು ನೋಡಿ ನಾನೂ ಅರಿವೆಯಲ್ಲಿ ಕಟ್ಟಿದ ನನ್ನ ಕಡಕ್ ರೊಟ್ಟಿಯ ಗಂಟನ್ನು ಹಿಂದಿನ ಮೂಲೆಗೆ ತಳ್ಳಿದೆ. ಇರುವೆ ಇಲ್ಲ, ತಂಪು ಹಿಡಿಯುವುದಿಲ್ಲ.

ಒಂದು ಭಾನುವಾರ ಅವಳಿಗೆ ಪಿಜ್ಜಾ ಮಾಡುವ ಹುರುಪು ಬಂತು. ತನ್ನ ಡಬ್ಬಿಗಳನ್ನು ತೆಗೆದಳು, ನನ್ನ ಗಂಟನ್ನು ನೋಡಲಿಲ್ಲ. ಪಿಜ್ಜಾ ಒಳಗಿಟ್ಟು ಉರಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಅರಿವೆ ಸುಟ್ಟ ವಾಸನೆ.

"ಅವ್ವಾ! ಓವನ್ ಅಂದ್ರ ಕಪಾಟೇನ?"

"ಮುಂಜಾನೆತನಕ ನಿನ್ನ ಡಬ್ಬಿ ಎಲ್ಲಿದ್ದವು?"

ಅರಿವೆ ಹೋಯಿತು, ಪಿಜ್ಜಾ ಹೊಗೆ ಹಿಡಿದು ಹಾಳಾಯಿತು. ರೊಟ್ಟಿಗೆ ಮಾತ್ರ ಏನೂ ಆಗಿರಲಿಲ್ಲ. ಅಂದು ಇಟಲಿಯ ಊಟಕ್ಕೆ ಕೂತವರೆಲ್ಲ ಶೇಂಗಾ ಚಟ್ನಿ ಹಚ್ಚಿಕೊಂಡು ಅದನ್ನೇ ತಿಂದು ಎದ್ದರು.

ಖಾಲಿ ಒಲೆ

ಎದುರು ಮನೆಯ ಟೀಚರಮ್ಮ ನನಗೆ ಮೊಟ್ಟೆ ಹಾಕದ ಕೇಕ್ ಕಲಿಸಲು ಬಂದಳು.

"ಆಂಟಿ, ಮೊದ್ಲು ಓವನ್ನ ಖಾಲಿ ಬಿಸಿ ಮಾಡ್ಬೇಕು. ಹಾಗೇ ಉರೀತಾ ಇರ್ಲಿ."

"ಖಾಲಿ ಒಲಿ ಉರಸಬಾರದವ್ವಾ. ಮನಿಗೆ ಚಲೋ ಅಲ್ಲ."

"ಅಯ್ಯೋ, ಇದು ಒಲೆ ಅಲ್ಲ ಆಂಟಿ, ಓವನ್."

"ಉರಿ ಅನ್ನೂದು ಎಲ್ಲಿದ್ರೂ ಉರಿನ."

ಅವಳು ಹಿಟ್ಟು ಕಲಸಲು ಅತ್ತ ತಿರುಗಿದ್ದೇ ತಡ, ನಾನು ತಟ್ಟೆ ತುಂಬ ಶೇಂಗಾ ಒಳಗಿಟ್ಟೆ. ಕೇಕ್ ಇಡಲು ಬಾಗಿಲು ತೆಗೆದವಳು "ಏನ್ ಆಂಟಿ ಇದು!" ಎಂದು ಚೀರಿದಳು. ಬಾಗಿಲು ತೆರೆದೇ ಇಟ್ಟುಕೊಂಡು ಇಬ್ಬರೂ ವಾದಿಸಿದೆವು. ಕಾವೆಲ್ಲ ಹೊರಗೆ ಹೋಯಿತು. ಕೇಕಿನ ನಡುವೆ ಹೂಡಿ ರಸ್ತೆಯಲ್ಲಿರುವಂಥ ಗುಂಡಿ ಬಿತ್ತು.

ಶೇಂಗಾ ಮಾತ್ರ ಹದವಾಗಿ ಹುರಿದಿತ್ತು. ಅವಳು ತಿಂದಳು, ಉಳಿದದ್ದನ್ನು ಕಟ್ಟಿಸಿಕೊಂಡೂ ಹೋದಳು. ಈಗ ಅವಳ ಮನೆಯಲ್ಲೂ ಓವನ್ ಖಾಲಿ ಉರಿಯುವುದಿಲ್ಲವಂತೆ.

ರಿಪೇರಿಯವನು

ಒಂದು ದಿನ, ನಾನು ಕರೆಯದೆಯೇ ಒಬ್ಬ ಗ್ಯಾಸ್ ರಿಪೇರಿಯವನು ಬಂದ. ಓವನ್ ಹಚ್ಚಿದ, ಆರಿಸಿದ, ತಲೆ ಅಲ್ಲಾಡಿಸಿದ.

"ಇದು ಕೆಟ್ಟೋಗಿದೆ ಅಮ್ಮಾ. ಇನ್ಮೇಲೆ ಹಚ್ಬೇಡಿ."

"ಉರಿ ನೀಲಿ ಐತಿ, ವಾಸನಿ ಬರೂದಿಲ್ಲ. ಏನ್ ಕೆಟ್ಟೈತಿ?"

"ಒಳಗೆಲ್ಲೋ ಕೆಟ್ಟಿದೆ."

"ಯಾವೂರಪ್ಪಾ ನಿಂದು?"

"ಸಿಂದಗಿ ಕಡೆ."

ನಮ್ಮ ಕಡೆಯವನೇ! ಖಾರದ ಬಿಸ್ಕತ್ತು, ಚಹಾ ಕೊಟ್ಟೆ. ಒಂದು ತಿಂದ, ಇನ್ನೊಂದು ತಗೊಂಡ, ಬೆಂಗಳೂರು ಭಾಷೆ ಮರೆತ.

"ಆಯಿ, ಭಾಳ ಚಲೋ ಆಗ್ಯಾವ. ಎಲ್ಲಿ ಮಾಡಿದ್ರಿ?"

"ಇದರಾಗ. ನಿನ್ನೆ."

ಚಹಾ ನೆತ್ತಿಗೇರಿತು. ಕೆಮ್ಮುತ್ತಲೇ ಹೇಳಿದ: "ಅಕ್ಕಾರು ಫೋನ್ ಮಾಡಿ ಕೆಟ್ಟೈತಿ ಅಂತ ಹೇಳು ಅಂದ್ರು, ಆಯಿ. ನಂದೇನು ತಪ್ಪಿಲ್ಲ."

ಸಂಜೆ ಮಗಳು ಏನೂ ಅರಿಯದವಳಂತೆ ಕೇಳಿದಳು: "ರಿಪೇರಿಯವ ಬಂದಿದ್ನೇನ? ಏನಂದ?"

"ಖರೇ ಹೇಳಿದ, ಪುಣ್ಯಾತ್ಮ. ನಿನ್ನ ಪಾಲಿನ ಬಿಸ್ಕತ್ತು ಅವಂಗ ಕಟ್ಟಿ ಕೊಟ್ಟೀನಿ."

ಬದನೆಕಾಯಿ

ಸುಟ್ಟ ಬದನೆಕಾಯಿಯ ಬಜ್ಜಿ ತಿನ್ನಬೇಕೆನಿಸಿತು. ಕುಂಪಟಿ ಇಲ್ಲ, ಕೆಂಡ ಇಲ್ಲ. ಇರಲಿ, ನೆತ್ತಿಯ ಉರಿ ಇದೆಯಲ್ಲ. ಎಣ್ಣೆ ಸವರಿ ತಟ್ಟೆ ತುಂಬ ಇಟ್ಟೆ. ಸಿಪ್ಪೆ ಕರ್ರಗಾಗುತ್ತ ಹೊಗೆ ಎದ್ದಿತು. ಹೊಗೆ ಹೋಗಲೆಂದು ಊರಿನಲ್ಲಿ ಮಾಡುವಂತೆ ಮುಂಬಾಗಿಲು ಅಗಲ ತೆರೆದೆ.

ಹೊಗೆ ಹೋಯಿತು, ಸೀದಾ ಕಾರಿಡಾರಿನ ಅಲಾರಂ ಬಾಯಿಗೆ. ಇಡೀ ಕಟ್ಟಡ ಬೊಬ್ಬೆ ಹೊಡೆಯಿತು. ಗ್ಯಾಸ್ ಆರಿಸಿ, ತಟ್ಟೆಯನ್ನು ಅರಿವೆಯಲ್ಲಿ ಹಿಡಿದು ನಾನೂ ಮೆಟ್ಟಿಲು ಇಳಿದೆ. ಬದನೆಕಾಯಿ ಬಿಟ್ಟು ಬರಲು ಅದೇನು ಪುಕ್ಕಟೆ ಬರುತ್ತದೆಯೇ?

ಕೆಳಗೆ ಜಾತ್ರೆ. ಲ್ಯಾಪ್‌ಟಾಪ್ ಅಪ್ಪಿಕೊಂಡವರು, ಮುಖಕ್ಕೆ ಸೋಪು ಹಚ್ಚಿಕೊಂಡವರು, ನಾಯಿ ಎತ್ತಿಕೊಂಡವರು.

"ಬೆಂಕಿ ಎಲ್ಲಿ? ಬೆಂಕಿ ಎಲ್ಲಿ?"

"ಆರಿಸೇ ಬಂದೀನ್ರೀ. ಬೆಂದಾವ, ತಿನ್ನೋರು ಬರ್ರಿ," ಎಂದೆ.

ನನ್ನ ಹಿಂದೆಯೇ ಇಳಿದು ಬಂದ ಮಗಳು ಮುಖ ಮುಚ್ಚಿಕೊಂಡಳು. "ಆತು ಅವ್ವಾ. ಇವತ್ತ ಆ ಓವನ್ ಮನಿ ಬಿಟ್ಟು ಹೋಗ್ತೈತಿ."

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಓಡಿ ಬಂದರು. ಬೈಗುಳಕ್ಕೆ ಎದೆ ಗಟ್ಟಿ ಮಾಡಿಕೊಂಡೆ. ನೋಡಿದರೆ ಮನುಷ್ಯನ ಮುಖದಲ್ಲಿ ಹಬ್ಬ!

"ಮೇಡಂ, ದಯವಿಟ್ಟು ಓವನ್ ತೆಗೀಬೇಡಿ," ಎಂದರು ಮಗಳಿಗೆ. "ಬೆಂಕಿ ಬಿದ್ರೆ ಹೇಗೆ ಇಳೀಬೇಕು ಅಂತ ಎಷ್ಟು ಸಲ ಡ್ರಿಲ್ ಇಟ್ಟೆ! ಮುಂಚೇನೇ ನೋಟಿಸ್ ಹಾಕಿದ್ರೂ ವಾಚ್‌ಮನ್ ಬಿಟ್ರೆ ಒಂದು ನರಪಿಳ್ಳೆ ಇಳೀಲಿಲ್ಲ. ಇವತ್ತು ನೋಡಿ, ಇಡೀ ಬ್ಲಾಕೇ ಇಲ್ಲಿದೆ!"

ಅಧ್ಯಕ್ಷರು ಒಂದು ಬದನೆಕಾಯಿಯ ಸಿಪ್ಪೆ ಸುಲಿಯುತ್ತ ನನ್ನತ್ತ ಬಗ್ಗಿದರು.

"ಅಜ್ಜಿ, ಮತ್ತೆ ಯಾವಾಗ ಸುಡ್ತೀರಾ? ಮೊದ್ಲೇ ಹೇಳಿದ್ರೆ ಎಲ್ರಿಗೂ ತಿಳಿಸ್ತೀನಿ."

"ಮೊದಲ ತಿಳಿಸಿದ್ರ," ಎಂದೆ ನಾನು, "ಮತ್ತ ನೀವೂ ವಾಚ್‌ಮನ್ನನೂ ಇಬ್ಬರ ತಿನ್ನಬೇಕಾಗ್ತೈತಿ."