ಎಡಗೈಗೆ ಮೀರಿದ ಕ್ಲಚ್ಚು

ಮನುಷ್ಯನಿಗೆ ತನ್ನ ಬಗ್ಗೆ ಒಂದಾದರೂ ಸುಳ್ಳು ಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಉತ್ಸಾಹ ಇರುವುದಿಲ್ಲ. ನನ್ನ ಸುಳ್ಳು ಯಾವುದೆಂದರೆ, ನಾನು ಒಂದು ಕಾಲದಲ್ಲಿ ಭಾರೀ ವೇಗದ ಸವಾರನಾಗಿದ್ದೆ ಎಂಬುದು. ಕಾಲೇಜಿನ ದಿನಗಳಲ್ಲಿ ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ನನ್ನ ಟೂ ಸ್ಟ್ರೋಕ್ ಬೈಕಿನಲ್ಲಿ ಬಸ್ಸೊಂದನ್ನು ಹಿಂದೆ ಹಾಕಿದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆಯಾದ ಹೊಸದರಲ್ಲಿ ಅದು ಕೆಂಪು ಬಸ್ಸಾಗಿತ್ತು. ಈಚೆಗೆ ಹೇಳುವಾಗ ನೀಲಿ ಬಣ್ಣದ ಖಾಸಗಿ ಬಸ್ಸಾಗಿದೆ. ಒಂದೆರಡು ಸಲ ಮಳೆಯನ್ನೂ ಸುರಿಸಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಬೆಳೆಗೆ ಬೇಕೆಂದಾಗಲೇ ಬರದ ಮಳೆ ನನ್ನ ಕಥೆಗೆ ಬಂದದ್ದು ಹೇಗೆ ಎಂದು ಯಾರಾದರೂ ಕೇಳಬಹುದಿತ್ತು, ಕೇಳಲಿಲ್ಲ. ನನ್ನ ಹೆಂಡತಿ ಮಂಜುಳ ಮಾತ್ರ ಒಮ್ಮೆ, ಅವರೆಕಾಯಿ ಸುಲಿಯುತ್ತ, "ಬಸ್ಸು ಓಡ್ತಿತ್ತೋ, ನಿಂತಿತ್ತೋ?" ಎಂದಳು. ಪ್ರಮಾಣ ಮಾಡಿ ಹೇಳುತ್ತೇನೆ, ಅವಳು ಕೇಳುವ ತನಕ ಆ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಆ ಬೈಕು ಇನ್ನೂ ಇದೆ. ನಾವಿರುವುದು ವಕ್ಕಲೇರಿಯಲ್ಲಿ. ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದೇನೆ. ಮಂಜುಳ ನಾಲ್ಕು ಹಸು ಸಾಕಿದ್ದಾಳೆ. ಬೈಕು ನಿಲ್ಲುವುದು ಕೊಟ್ಟಿಗೆಯ ಮೂಲೆಯಲ್ಲಿ, ನ್ಯಾಯವಾಗಿ ಐದನೆಯ ಹಸು ನಿಲ್ಲಬೇಕಾದ ಜಾಗದಲ್ಲಿ. "ಹಾಲೂ ಕೊಡಲ್ಲ, ಗೊಬ್ಬರಾನೂ ಹಾಕಲ್ಲ" ಎಂದು ಅವಳು ಅದರ ಬಗ್ಗೆ ಹೇಳುತ್ತಿದ್ದುದು ನಿಜ. ಅವಳ ತಮ್ಮ ನಾಗೇಶನಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇದೆ, ಜೊತೆಗೆ ಒಂದು ಹೊಸ ಫೋರ್ ಸ್ಟ್ರೋಕ್ ಬೈಕೂ ಇದೆ. ಅವನು ಬಂದಾಗಲೆಲ್ಲ ನನ್ನ ಗಾಡಿಯ ಸೀಟಿನ ಮೇಲಿನ ಹುಲ್ಲು ಕೊಡವಿ, "ಬಾವಾ, ಇದನ್ನ ನಂಗೆ ಕೊಟ್ಬಿಡಿ. ತೋಟಕ್ಕೆ ಔಷ್ದಿ ಹೊಡೆಯೋ ಪಂಪು ಸಾಗ್ಸಕ್ಕೆ ಆಗುತ್ತೆ" ಎನ್ನುತ್ತಿದ್ದ. ಬೈದಿದ್ದರೆ ಸಹಿಸುತ್ತಿದ್ದೆನೇನೋ. ಪಂಪು ಎಂದದ್ದು ಎದೆಗೆ ನಾಟಿತು. ಒಂದು ಭಾನುವಾರ ಬಾಡೂಟ ಮುಗಿಸಿ ಕೈ ತೊಳೆಯುತ್ತಿದ್ದಾಗ ನಾನೇ ಸವಾಲು ಹಾಕಿದೆ: ಲಕ್ಕೂರಿನ ಹತ್ತಿರ ಬೈಕ್ ಕ್ಲಬ್ಬಿನವರು ನಡೆಸುವ ಡ್ರ್ಯಾಗ್ ರೇಸಿನಲ್ಲಿ ಇಬ್ಬರೂ ಓಡಿಸೋಣ. ನಾನು ಸೋತರೆ ಗಾಡಿ ನಿನ್ನದು, ಗೆದ್ದರೆ ಪಂಪಿನ ಮಾತು ಇನ್ನು ಜನ್ಮದಲ್ಲಿ ಎತ್ತಕೂಡದು. "ಏನ್ಲಾ, ಒಪ್ಪಿಗೇನಾ?" ಎಂದೆ. ಅವನು ಒಪ್ಪಿದ. ನಾನು ಹೇಳಿ ಮುಗಿಸುವ ಮೊದಲೇ ಒಪ್ಪಿದ ಎಂದು ಮಂಜುಳ ಹೇಳುತ್ತಾಳೆ.

ಡ್ರ್ಯಾಗ್ ರೇಸ್ ಎಂದರೆ ಬಹಳ ಸರಳ. ತಿರುವಿಲ್ಲದ ನೆಟ್ಟನೆ ರಸ್ತೆ, ಎರಡು ಗಾಡಿ, ಬಾವುಟ ಬೀಳುತ್ತಿದ್ದಂತೆ ಹೊರಡಬೇಕು, ಕಾಲು ಮೈಲಿಯ ಕೊನೆಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ನೆಗಡಿ ಇದ್ದವನು ನಾಲ್ಕು ಸಲ ಸೀನುವುದರೊಳಗೆ ಎಲ್ಲ ಮುಗಿದಿರುತ್ತದೆ. ಅಷ್ಟರಲ್ಲೇ ಇಂಜಿನ್ನು ಕಿರುಚುವ ಮಟ್ಟಕ್ಕೆ ಹೋದ ಮೇಲೆ ಗೇರು ಬದಲಿಸಬೇಕು, ಮತ್ತೆ ಕಿರುಚಿಸಬೇಕು, ಮತ್ತೆ ಬದಲಿಸಬೇಕು. ಊರ ಹೊರಗೆ ಪ್ರಯೋಗ ಮಾಡಿ ನೋಡಿದಾಗ ನನ್ನ ಗಾಡಿಯಲ್ಲಿ ಕಿರುಚುವ ಕಾರ್ಯಕ್ರಮ ಚೆನ್ನಾಗಿ ನಡೆಯಿತು, ಮುಂದೆ ಹೋಗುವ ಕಾರ್ಯಕ್ರಮ ನಡೆಯಲಿಲ್ಲ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಕ್ಲಚ್ ಪ್ಲೇಟುಗಳು ಆ ವೇಗದಲ್ಲಿ ಒಂದರ ಮೇಲೊಂದು ಜಾರುತ್ತಿದ್ದವು. ಮೇಲಧಿಕಾರಿ ಕೂಗಾಡುತ್ತಿದ್ದಾನೆ, ಕೆಳಗೆ ಯಾರೂ ಕುರ್ಚಿಯಿಂದ ಏಳುತ್ತಿಲ್ಲ. ನಮ್ಮ ಕಾರ್ಖಾನೆಯಲ್ಲಿ ನೋಡಿ ಅಭ್ಯಾಸವಿದ್ದ ಪರಿಸ್ಥಿತಿಯಾದ್ದರಿಂದ ರೋಗ ಕೂಡಲೇ ಗೊತ್ತಾಯಿತು.

ಒಂದು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದ ಗಡ್ಡದವರು, ನಾವು ಹೋಳಿಗೆ ತಟ್ಟುವಷ್ಟು ಸಲೀಸಾಗಿ, ಕ್ಲಚ್ ಪ್ಲೇಟುಗಳನ್ನು ಕೈಯಲ್ಲಿ ತಿರುಗಿಸುತ್ತ ಮಾತಾಡುತ್ತಿದ್ದರು. ನನಗೆ ಅರ್ಥವಾದದ್ದು ಇಷ್ಟು: ಪ್ಲೇಟುಗಳನ್ನು ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ, ಗಟ್ಟಿ ಸ್ಪ್ರಿಂಗು ಹಾಕಿದರೆ ಎಂಥ ವೇಗದಲ್ಲೂ ಪ್ಲೇಟು ಜಾರುವುದಿಲ್ಲ. ಅದಾದ ಮೇಲೆ ಆ ಗಡ್ಡದವರು "ಆದರೆ" ಎಂದು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಬೇಕಾದ್ದು ಸಿಕ್ಕಿದ್ದರಿಂದ ಮುಂದಿನ ವಿಡಿಯೋಗೆ ಹೋಗುತ್ತಿದ್ದೆ.

ಮುಳಬಾಗಿಲಿನ ಮೆಕ್ಯಾನಿಕ್ ವೆಂಕಟರವಣಪ್ಪನಿಗೆ ಈ ಗಾಡಿ ಹಳೆಯ ಪರಿಚಯ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ನಟ್ಟು ಬಿಚ್ಚಿ ಬರದಿದ್ದಾಗ ಎರಡೂ. ಸ್ಟೂಲಿನ ಮೇಲೆ ಕೂತೇ ವಿಚಾರಣೆ ಶುರು ಮಾಡಿದ.

"ಏಮಣ್ಣಾ, ಎಷ್ಟು ಆರ್‌ಪಿಎಂನಾಗೆ ಗೇರ್ ಹಾಕ್ತೀರ?"

"ಒಂಬತ್ತು ಸಾವಿರ."

"ಮೀಟ್ರೇ ಕೆಲ್ಸ ಮಾಡ್ತಿಲ್ಲ ಇದ್ರಾಗೆ."

"ಶಬ್ದದಲ್ಲೇ ಗೊತ್ತಾಗುತ್ತೆ ನಂಗೆ."

ರವಣಪ್ಪ ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಎಡಗೈ ಕೊಡಿ" ಎಂದ. ಕೊಟ್ಟೆ. ಸಂತೆಯಲ್ಲಿ ಬದನೆಕಾಯಿ ಅದುಮಿ ನೋಡುವಂತೆ ಅದುಮಿ ನೋಡಿದ. "ಪೆನ್ನು ಹಿಡಿಯೋ ಕೈ" ಎಂದು ವಾಪಸು ಕೊಟ್ಟ. ನಾನು ಪೆನ್ನು ಹಿಡಿಯುವುದು ಬಲಗೈಯಲ್ಲಿ ಎಂದೆ. "ಹಂಗಾದ್ರೆ ಅದೂ ಇಲ್ಲ" ಎಂದ.

ಅವನ ಸಲಹೆ ಹೀಗಿತ್ತು: ಈ ಕ್ಲಚ್ಚಿಗೆ ಆರು ಸ್ಪ್ರಿಂಗು. ಮೂರು ಗಟ್ಟಿಯವು, ಮೂರು ಮಾಮೂಲಿಯವು, ಒಂದು ಬಿಟ್ಟು ಒಂದು ಹಾಕೋಣ. ಈ ಇಂಜಿನ್ನಿಗೆ ಅಷ್ಟು ಹಿಡಿತ ಧಾರಾಳ. ಆರೂ ಗಟ್ಟಿಯವು ಹಾಕಿದರೆ ಎಡಗೈಯಲ್ಲಿ ಕ್ಲಚ್ ಲಿವರ್ ಎಳೆಯಲು ಆಗುವುದಿಲ್ಲ, ಬಿಡುವಾಗ ಗಾಡಿ ಎಗರುತ್ತದೆ. "ಎಲ್ರೂ ಹಿಡಿಯೋ ಕ್ಲಚ್ ಕೇಳ್ತಾರಣ್ಣಾ. ಬಿಡೋದು ಹೆಂಗೆ ಅಂತ ಒಬ್ರೂ ಕೇಳಲ್ಲ" ಎಂದ. ದಿನವಿಡೀ ಬೇರೆಯವರ ಕೆಲಸ ಸರಿಯಿಲ್ಲವೆಂದು ಬರೆದು ಬರೆದು ನನಗೊಂದು ಚಾಳಿ ಬಂದುಬಿಟ್ಟಿದೆ. ತಿಳಿದವರು ಏನು ಹೇಳಿದರೂ ಅದರಲ್ಲಿ ನೂರಕ್ಕೆ ಐವತ್ತು ಭಾಗ ಕಡಿಮೆಯಿದೆ ಅನ್ನಿಸುತ್ತದೆ. ಅಲ್ಲದೆ ಮೂರು ಗಟ್ಟಿ, ಮೂರು ಮೆತ್ತಗೆ ಎಂದರೆ ಸಂಧಾನದ ಮಾತಾಯಿತು. "ಆರೂ ಹಾಕು" ಎಂದೆ. ರವಣಪ್ಪ ಹಾಕಿದ. ಹಾಕುವಾಗ ತೆಲುಗಿನಲ್ಲಿ ಏನೋ ಅಂದುಕೊಂಡ. ನನಗೆ ತೆಲುಗು ಬರುತ್ತದೆ, ಅವತ್ತು ಬರದವನಂತೆ ನಿಂತೆ.

ಮುಳಬಾಗಿಲಿನಿಂದ ಊರಿಗೆ ಎಷ್ಟು ಹಂಪುಗಳಿವೆ ಎಂದು ಆ ಸಂಜೆ ನನ್ನ ಎಡಗೈ ಎಣಿಸಿತು. ಲಿವರ್ ಎಳೆದರೆ ಭುಜದ ತನಕ ಸುದ್ದಿ ಹೋಗುತ್ತಿತ್ತು. ಕೋಲಾರದಲ್ಲಿ ಟೀ ಕುಡಿಯಲು ನಿಂತೆ. ಲೋಟ ಎಡಗೈಯಲ್ಲಿ ಹಿಡಿದಾಗ ಟೀ ತಾನಾಗಿ ತಣಿಯತೊಡಗಿತು, ಅಷ್ಟು ಅಲುಗಾಡುತ್ತಿತ್ತು. ಮನೆಯಲ್ಲಿ ಅಂಗಿಯ ಗುಂಡಿ ಬಿಚ್ಚಲಾಗದೆ ಕನ್ನಡಿಯ ಮುಂದೆ ಒದ್ದಾಡುತ್ತಿದ್ದಾಗ ಮಂಜುಳ ಬಂದಳು. ಬೈಯದೆ, ನಗದೆ, ಗುಂಡಿ ಬಿಚ್ಚಿಕೊಟ್ಟಳು. ಬೈಯದೆ ಇದ್ದಾಗ ನಾನು ಹುಷಾರಾಗಬೇಕಿತ್ತು.

ಇಲ್ಲಿಂದ ಮುಂದಿನದಕ್ಕೆ ನಮ್ಮ ಮನೆಯಲ್ಲಿ ಎರಡು ಹೇಳಿಕೆಗಳಿವೆ. ನನ್ನ ನೆನಪಿನ ಪ್ರಕಾರ, ನಾಲ್ಕು ಹಸುಗಳ ಹಾಲು ಎರಡು ಹೊತ್ತೂ ಕರೆಯುವ ಅವಳ ಕೈ ನೋಡಿ, "ಕೈಗೆ ಬಲ ಬರಬೇಕಾದರೆ ಹಾಲು ಕರೆಯಬೇಕು" ಎಂಬ ಉಪಾಯ ನನಗೇ ಹೊಳೆಯಿತು. ಅವಳ ಪ್ರಕಾರವೂ ಉಪಾಯ ನನ್ನದೇ. ಹೀಗೆ ಅವಳು ಒಂದೇ ಮಾತಿಗೆ ಒಪ್ಪಿಕೊಂಡ ಬೇರೆ ಯಾವ ಸಂಗತಿಯೂ ನಮ್ಮ ದಾಂಪತ್ಯದಲ್ಲಿ ಇಲ್ಲದಿರುವುದರಿಂದ ನನಗೆ ನನ್ನ ನೆನಪಿನ ಮೇಲೇ ಸಂಶಯ ಬಂದಿದೆ. ಅದೇನೇ ಇರಲಿ, ಮರುದಿನ ಬೆಳಿಗ್ಗೆ ಐದಕ್ಕೆ ನಾನು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಎದುರಿಗೆ ಕರೆಂಟು. ಒದೆಯುವ ಗುಣದಿಂದ ಆ ಹಸುವಿಗೆ ಬಂದ ಹೆಸರು ಅದು.

"ಎಳೀಬೇಡ್ರೀ, ಹಿಂಡ್ರಿ" ಎಂದಳು ಮಂಜುಳ, ಹಿಂದೆ ನಿಂತು. "ಗೇರ್ ಹಾಕ್ತಿಲ್ಲ ನೀವು."

"ಬರ್ತಿಲ್ಲ ಕಣೇ."

"ಮೇಲಿನ ಬೆರಳಿಂದ ಕೆಳಕ್ಕೆ ಒಂದೊಂದಾಗಿ ಮುಚ್ಕೊಂಡ್ ಬನ್ನಿ. ಮುಖ ಯಾಕ್ ಹಂಗ್ ಮಾಡ್ತೀರ? ಅದು ನೋಡಿದ್ರೆ ಹೆದ್ರುತ್ತೆ."

ಮೊದಲ ದಿನ ಒಂದು ಲೋಟ ಹಾಲು, ಒಂದು ಒದೆ. ಮೂರನೆಯ ದಿನ ಅರ್ಧ ಪಾತ್ರೆ. ಅವಳು ಹಿಂದೆ ನಿಲ್ಲುವುದನ್ನು ಬಿಟ್ಟಳು. ಎರಡನೆಯ ವಾರಕ್ಕೆ ಏಳುವುದನ್ನೂ ಬಿಟ್ಟಳು. ಮೂರನೆಯ ವಾರದ ಕೊನೆಗೆ ನಾಲ್ಕೂ ಹಸುವನ್ನು ಒಬ್ಬನೇ ಮುಗಿಸಿ, ಕೈ ಒರೆಸಿಕೊಂಡು, ಗಾಡಿಯ ಕ್ಲಚ್ ಲಿವರನ್ನು ಎಳೆದು ಹಿಡಿದು ನೂರರವರೆಗೆ ಎಣಿಸಿದೆ. ಕರೆಂಟು ಕುತ್ತಿಗೆ ತಿರುಗಿಸಿ ನೋಡಿತು. ಮಲಗಿದ್ದವಳನ್ನು ಎಬ್ಬಿಸಿ ತೋರಿಸಬೇಕೆನ್ನಿಸಿತು. ಪ್ರಯತ್ನಿಸಿದೆ. "ಹೂಂ" ಎಂದಳು.

ರೇಸು ನಡೆದದ್ದು ಒಂದು ಲೇಔಟಿನಲ್ಲಿ. ದೊಡ್ಡ ಕಮಾನು, ನುಣ್ಣನೆಯ ಟಾರು ರಸ್ತೆ, ದೀಪದ ಕಂಬಗಳು, ಎಲ್ಲ ಇವೆ, ಮನೆ ಮಾತ್ರ ಒಂದೂ ಇಲ್ಲ. ಹತ್ತು ಜನ ಬಂದು ಜಾಗ ನೋಡಲಿ ಎಂದು ಮಾಲೀಕ ಒಪ್ಪಿಗೆ ಕೊಟ್ಟಿದ್ದನಂತೆ. ಜನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಸೈಟಿನ ಗಡಿಕಲ್ಲುಗಳ ಮೇಲೆ ಕೂತಿದ್ದರು. ಮಂಜುಳ ಚಿತ್ರಾನ್ನದ ಡಬ್ಬಿಯ ಜೊತೆ ನಲವತ್ತೇಳನೆಯ ಸೈಟಿನಲ್ಲಿದ್ದಳು. "ನಾನು ಯಾರ ಕಡೆ ಅಂತ ಇಬ್ರೂ ಕೇಳ್ಬೇಡಿ" ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಗೆರೆಯ ಮೇಲೆ ನಿಂತೆವು. ಮೊದಲ ಗೇರಿಗೆ ಹಾಕಿ ಕ್ಲಚ್ ಹಿಡಿದೆವು. ಅಷ್ಟರಲ್ಲಿ ಬಾವುಟ ಹಿಡಿದವನ ಮೊಬೈಲು ಬಡಿದುಕೊಂಡಿತು. ಅವನು ನಮಗೆ "ಒಂದ್ನಿಮ್ಷ" ಎಂದು ಬೆರಳೆತ್ತಿ ತೋರಿಸಿ, ಯಾರಿಗೋ ಬೋರ್‌ವೆಲ್ ಮೋಟರಿನ ವಿಚಾರ ವಿವರಿಸತೊಡಗಿದ. ನಾಗೇಶ ನ್ಯೂಟ್ರಲ್ಲಿಗೆ ಹಾಕಿ ಕೈ ಕೊಡವಿಕೊಂಡ. ನಾನು ಹಿಡಿದೇ ಇದ್ದೆ. ಕೈ ನಡುಗಲಿಲ್ಲ. ಮೋಟರು ಬಾವಿಯಿಂದ ಮೇಲೆ ಬಂದು ರಿಪೇರಿಯಾಗಿ ಮತ್ತೆ ಒಳಗಿಳಿಯುವವರೆಗೂ ನಡುಗಲಿಲ್ಲ. ನನ್ನ ಬದುಕಿನಲ್ಲಿ ನಾನು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಶೂರನಾಗಿದ್ದ ಕಾಲ ಎಂದರೆ ಆ ಎರಡು ನಿಮಿಷ. ಆಗ ಗಾಡಿ ನಿಂತಿತ್ತು ಎಂಬುದಷ್ಟೇ ಕೊರತೆ.

ಬಾವುಟ ಬಿತ್ತು. ಹಿಡಿಯುವುದನ್ನು ಮೂರು ವಾರ ಕಲಿತಿದ್ದೆ, ಬಿಡುವುದನ್ನು ಕಲಿತಿರಲಿಲ್ಲ. ಬಿಟ್ಟೆ. ಆರು ಸ್ಪ್ರಿಂಗುಗಳೂ ಒಟ್ಟಿಗೆ ಕೆಲಸಕ್ಕೆ ಹಾಜರಾದವು. ಮುಂದಿನ ಚಕ್ರ ಮೇಲೆದ್ದಿತು. ದೀಪದ ಕಂಬದ ಬಲ್ಬಿನವರೆಗೂ ಎದ್ದಿತು ಎಂದು ನನ್ನ ನೆನಪು. ಒಂದು ಗೇಣು ಎಂದು ಮಂಜುಳಳ ಸಾಕ್ಷ್ಯ. ಯಾರೋ ವಿಡಿಯೋ ಮಾಡಿದ್ದಾರಂತೆ. ನಾನು ನೋಡಿಲ್ಲ, ನೋಡುವುದೂ ಇಲ್ಲ. ಹೆದರಿ ಆಕ್ಸಿಲರೇಟರು ಮುಚ್ಚಿದೆ. ಚಕ್ರ ನೆಲಕ್ಕಿಳಿಯುವಾಗ ನಾಗೇಶನ ಬೆನ್ನು ಸಣ್ಣದಾಗುತ್ತಿತ್ತು. ಆಮೇಲೆ ಎರಡು, ಮೂರು, ನಾಲ್ಕನೆಯ ಗೇರಿನಲ್ಲಿ, ಕಿರುಚುವ ಇಂಜಿನ್ನಿನ ಒಂದು ಹನಿ ಬಲವೂ ಜಾರದೆ, ಗಾಡಿ ಹೋದ ರೀತಿಯೇ ಬೇರೆ. ಅವನ ಹಿಂದಿನ ಚಕ್ರದ ತನಕ ಬಂದಿದ್ದೆ. ಅಷ್ಟರಲ್ಲಿ ಕಾಲು ಮೈಲಿ ಮುಗಿದುಹೋಯಿತು.

ಕೀಲಿಕೈ ಕೊಟ್ಟೆ. ನಾಗೇಶ ಕುಣಿದಾಡಿದ್ದರೆ ಸುಲಭವಾಗುತ್ತಿತ್ತು. ಅವನು ಮೆತ್ತಗೆ, "ಬೇಜಾರಾ, ಬಾವಾ?" ಎಂದ. "ಹೋಗೋ ಲೇ" ಎಂದೆ. ತನ್ನ ಬೈಕನ್ನು ಗೆಳೆಯನಿಗೆ ಕೊಟ್ಟು ನನ್ನದನ್ನು ಹತ್ತಿ ಹೊರಟ. ಗಾಡಿಯ ಶಬ್ದ ಕಮಾನು ದಾಟಿ ನಿಲ್ಲುವವರೆಗೂ ನಾನು ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಿದ್ದೆ. ಆ ಸಂಜೆ ಕೊಟ್ಟಿಗೆಯ ಮೂಲೆ ನೋಡಿದರೆ ನೆಲದ ಮೇಲೆ ಎಣ್ಣೆಯ ಕಲೆಯೊಂದೇ ಇತ್ತು. ಅಲ್ಲಿ ಹುಲ್ಲಿನ ಕಟ್ಟು ಇಡಲೇ ಎಂದು ಮಂಜುಳ ಕೇಳಲಿಲ್ಲ. ಕಟ್ಟನ್ನು ಮಾಮೂಲಿ ಜಾಗದಲ್ಲೇ ಇಟ್ಟು ಒಳಗೆ ಹೋದಳು.

ಮೂರನೆಯ ದಿನ ಮಾವಿನ ಕ್ರೇಟು ಸಾಗಿಸುವ ಟೆಂಪೋ ಒಂದು ಮನೆಯ ಮುಂದೆ ನಿಂತಿತು. ಹಿಂದೆ ನನ್ನ ಗಾಡಿ, ಮುಂದೆ ನಾಗೇಶ. ಅವನ ಎಡಗೈಯಿಂದ ನೋವಿನ ಎಣ್ಣೆಯ ವಾಸನೆ ಬರುತ್ತಿತ್ತು.

"ಬಾವಾ, ಇದು ಬೈಕಾ, ಲಾರಿ ಎತ್ತೋ ಜಾಕಾ? ಕೋಲಾರ ದಾಟೋಷ್ಟ್ರಾಗೆ ಕೈ ಹೋಯ್ತು. ಎರಡು ದಿನ ಅನ್ನ ಕಲ್ಸಿಕೊಂಡಿದ್ದೇ ದೊಡ್ಡದು."

"ಬಲಗೈಲಿ ಅಲ್ವೇನೋ ಕಲ್ಸೋದು?"

"ನೋಯೋ ಕೈ ಹಿಡ್ಕೊಳೋಕೆ ಆ ಕೈ ಬೇಕಲ್ಲ! ಇಟ್ಕೊಳ್ಳಿ ಬಾವಾ. ಪಂಪು ಹೊರೋಕೂ ಆಗಲ್ಲ ಇದು. ಅಲ್ಲ, ನೀವು ಹೆಂಗ್ ಹಿಡೀತೀರ?"

"ಅಭ್ಯಾಸ ಬೇಕು ಕಣೋ" ಎಂದೆ, ಆದಷ್ಟು ಸಾಧಾರಣ ದನಿಯಲ್ಲಿ.

ಹೀಗೆ ರೇಸಿನಲ್ಲಿ ನನ್ನನ್ನು ಸೋಲಿಸಿದ ಸ್ಪ್ರಿಂಗುಗಳೇ ಗಾಡಿಯನ್ನು ಮನೆಗೆ ತಂದವು. ಇಷ್ಟು ಚೆನ್ನಾಗಿ ಕೂಡಿಬಂದದ್ದನ್ನು ನಾನೇ ಬೇರೆಯವರ ಬಾಯಲ್ಲಿ ಕೇಳಿದ್ದರೆ ನಂಬುತ್ತಿರಲಿಲ್ಲ. ರವಣಪ್ಪನಿಗೆ ಫೋನು ಮಾಡಿದಾಗ, "ಈಗಾದ್ರೂ ಮೂರು ಬದ್ಲಾಯ್ಸೋಣ, ತಗೊಂಬನ್ನಿ" ಎಂದ. ಬೇಡವೆಂದೆ. ಬೇರೆ ಯಾರೂ ಓಡಿಸಲಾಗದ ಗಾಡಿಯನ್ನು ಯಾರೂ ಕೇಳುವುದಿಲ್ಲ. ಈ ಮಾತನ್ನು ಮಂಜುಳಳಿಗೂ ಹೆಮ್ಮೆಯಿಂದ ಹೇಳಿದೆ. ಅವಳು ಹಾಲಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಹತ್ತು ದಿನ ಕರೆಯೋದು ಬಿಟ್ರೆ ಕೈ ಮತ್ತೆ ಮೆತ್ತಗಾಗುತ್ತೆ ರೀ. ಆಮೇಲೆ ನೀವೂ ಓಡ್ಸಕ್ಕಾಗಲ್ಲ" ಎಂದಳು. ಎಲ್ಲಾದರೂ ತಪ್ಪಿದೆಯೇ ಎಂದು ಆ ವಾದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಸಂಬಳ ತೆಗೆದುಕೊಂಡು ತಪ್ಪು ಹುಡುಕುವ ನನಗೇ ಒಂದೂ ಸಿಗಲಿಲ್ಲ.

ಮೊನ್ನೆ ಮಾಲೂರಿನಲ್ಲಿ ಸಹೋದ್ಯೋಗಿಯ ಗೃಹಪ್ರವೇಶಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟ ತಡವಾಯಿತು, ಪಾಯಸ ಬಡಿಸುತ್ತಿದ್ದಾಗ ಮಂಜುಳಳ ಫೋನು ಬಂತು. "ಕರೆಂಟು ನನ್ನನ್ನ ಹತ್ರ ಬಿಟ್ಕೊಳ್ತಿಲ್ಲ. ನಿಮ್ಮ ಕೈಗೇ ಒಗ್ಗಿಹೋಗಿದೆ. ಬೇಗ ಬನ್ನಿ, ಡೈರಿ ಮುಚ್ತಾರೆ." ಪಾಯಸ ಬಿಟ್ಟು ಎದ್ದೆ. ಖಾಲಿ ರಸ್ತೆ, ಸೋಲದ ಎಡಗೈ, ಜಾರದ ಕ್ಲಚ್ಚು. ಇಂಜಿನ್ನು ಕಿರುಚುವ ಕಡೆ ಕಿರುಚಿಸಿ, ಬದಲಿಸುವ ಕಡೆ ಬದಲಿಸಿ, ಒಂದು ತಪ್ಪೂ ಇಲ್ಲದೆ ನಾನು ಗಾಡಿ ಓಡಿಸಿದೆ. ಇದಕ್ಕೆ ಮಾತ್ರ ಯಾವ ಬಣ್ಣವೂ ಹಚ್ಚಬೇಕಾಗಿಲ್ಲ. ಕೊಟ್ಟಿಗೆಯ ಮುಂದೆ ಗಕ್ಕನೆ ನಿಂತು ಇಂಜಿನ್ನು ಆಫ್ ಮಾಡಿದಾಗ ನನ್ನ ಕಿವಿಯೊಳಗೆ ಇನ್ನೂ ಗಾಳಿ ಇತ್ತು. ಮಂಜುಳ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಇಷ್ಟು ನಿಧಾನಾನಾ ರೀ?" ಎಂದಳು.